ಘಾಲಾ ಡೈರಿ – ಕಂತು 14: ಎಬ್ಬಿಸಿ ಕೇಳುವ ಮೊದಲೇ

ಹೋದ ಪೋಸ್ಟ್ ಓದಿ ಚಿಕ್ಕಮ್ಮ ಕೇಳಿದ್ದರು: “ಎದೆಯ ಗಂಟಿಗೆ ಮೊದಲು ಸೂಜಿ ಹಾಕಿ ನೋಡ್ತಾರೆ, ವಾರ ಕಾಯಿಸ್ತಾರೆ, ಆಮೇಲೆ ಆಪರೇಷನ್. ಒಂದೇ ಸಲಕ್ಕೆ ಮುಗಿಸಬಾರದಾ?” ಹಾಗೆ ಮುಗಿಸುತ್ತಿದ್ದ ಕಾಲವೂ ಇತ್ತು ಚಿಕ್ಕಮ್ಮ.

ಅಮೆರಿಕದ ಸರ್ಜನ್ ಹಾಲ್‌ಸ್ಟೆಡ್ 1882ರಲ್ಲಿ ಶುರು ಮಾಡಿದ ಆಪರೇಷನ್‌ನಲ್ಲಿ ಸ್ತನ, ಅದರಡಿಯ ಸ್ನಾಯು, ಕಂಕುಳಿನ ಗ್ರಂಥಿ ಎಲ್ಲವೂ ಹೋಗುತ್ತಿತ್ತು. ಮುಂದೆ ಬಂದ ಪದ್ಧತಿ ಇನ್ನೂ ವಿಚಿತ್ರ. ಮಂಪರು ಕೊಟ್ಟು ಗಂಟಿನ ಚೂರು ಲ್ಯಾಬಿಗೆ ಕಳಿಸುವುದು, ಕ್ಯಾನ್ಸರ್ ಅಂತ ಬಂದರೆ ಎಬ್ಬಿಸದೆ ಅಲ್ಲೇ ಸ್ತನ ತೆಗೆಯುವುದು. ಸಹಿ ಮೊದಲೇ ಆಗಿರುತ್ತಿತ್ತು. ಎಚ್ಚರವಾದವಳು ಎದೆ ಮುಟ್ಟಿ ನೋಡಿಕೊಂಡೇ ರೋಗ ಇತ್ತೋ ಇಲ್ಲವೋ ತಿಳಿಯಬೇಕು!

1974ರಲ್ಲಿ ರೋಸ್ ಕುಶ್ನರ್ ಎಂಬ ಪತ್ರಕರ್ತೆಗೆ ಗಂಟು ಕಾಣಿಸಿತು. ಬರೀ ಪರೀಕ್ಷೆ ಮಾಡಿ, ಉಳಿದದ್ದು ನಾನು ಯೋಚಿಸಿ ಹೇಳ್ತೀನಿ ಅಂದರು. ಒಪ್ಪುವ ಸರ್ಜನ್ ಸಿಗಲು ಹಲವರಿಗೆ ಫೋನ್ ಮಾಡಬೇಕಾಯಿತು. ಅದೇ ಸೆಪ್ಟೆಂಬರಿನಲ್ಲಿ ಅಧ್ಯಕ್ಷ ಫೋರ್ಡ್ ಅವರ ಹೆಂಡತಿ ಬೆಟ್ಟಿ ಫೋರ್ಡ್‌ಗೂ ಗಂಟು. ಕುಶ್ನರ್ ವೈಟ್ ಹೌಸ್‌ಗೇ ಫೋನ್ ಹಚ್ಚಿದರು, ಎರಡು ಹಂತದಲ್ಲಿ ಮಾಡಿಸಿ ಅಂತ. ಅವರೇ ಮುಂದೆ ಹೇಳಿಕೊಂಡಂತೆ ಸಿಕ್ಕ ಉತ್ತರ, ಅಧ್ಯಕ್ಷರು ನಿರ್ಧಾರ ಮಾಡಿಯಾಗಿದೆ! ಎದೆ ಯಾರದು, ನಿರ್ಧಾರ ಯಾರದು ನೋಡಿ. 1979ರಲ್ಲಿ ಅಲ್ಲಿನ ಸರ್ಕಾರಿ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ, ಪರೀಕ್ಷೆ ಬೇರೆ ಚಿಕಿತ್ಸೆ ಬೇರೆ ಆಗಲಿ ಅಂದಿತು. ಆ ಸಮಿತಿಯಲ್ಲಿ ಕುಶ್ನರ್ ಕೂಡ ಇದ್ದರು. 1985ರಲ್ಲಿ ಡಾ. ಬರ್ನಾರ್ಡ್ ಫಿಶರ್ ಅವರ ಅಧ್ಯಯನ, ಗಂಟು ಮಾತ್ರ ತೆಗೆದು ರೇಡಿಯೇಷನ್ ಕೊಟ್ಟರೂ ಬದುಕುಳಿಯುವವರ ಲೆಕ್ಕ ಅಷ್ಟೇ ಅಂತ ತೋರಿಸಿತು.

ನಮ್ಮ ದೇಶದ್ದು ಸ್ತನದ ಕೇಸಲ್ಲ, ಆದರೆ ವಿಷಯ ಅದೇ. ದೆಹಲಿಯ 44 ವರ್ಷದ ಒಬ್ಬರನ್ನು ಪರೀಕ್ಷೆಗೆಂದು ಮಂಪರಿನಲ್ಲಿ ಮಲಗಿಸಿ, ಹೊರಗಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದಿದ್ದರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಸಲ್ಲದು, ಜೀವಕ್ಕೆ ತುರ್ತಿಲ್ಲದಾಗ ತಾಯಿಯ ಸಹಿಯೂ ಸಾಲದು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2008ರಲ್ಲಿ. ನಿನ್ನೆ ಮೊನ್ನೆಯ ಮಾತು.

ಗಂಟು ಮಾತ್ರ ತೆಗೆಸಿದರೆ ಸಾಮಾನ್ಯವಾಗಿ ವಾರಗಟ್ಟಲೆ ರೇಡಿಯೇಷನ್‌ಗೆ ಓಡಾಡಬೇಕು. ಸಲಾಲಾದಿಂದ ಮಸ್ಕತ್ ಹತ್ತಿರ ಹತ್ತಿರ ಸಾವಿರ ಕಿಲೋಮೀಟರು. ನಮ್ಮ ಘಟ್ಟದ ಮೇಲಿನವರಿಗೆ ಮಣಿಪಾಲ, ಮಂಗಳೂರು ಅಂದರೂ ಅಷ್ಟೇ ಪಾಡು. ಹಾಗಾಗಿ, ಪೂರ್ತಿ ತೆಗೆದುಬಿಡಿ ಅನ್ನುವವರೂ ಇದ್ದಾರೆ. ಅದು ತಪ್ಪು ಅಂತ ನಾನು ಹೇಳೋದಿಲ್ಲ. ಆದರೆ ಇಲ್ಲಿನವರಾಗಲಿ ನಮ್ಮವರಾಗಲಿ, ಫಾರಂ ಮುಂದಿಟ್ಟ ತಕ್ಷಣ ಅವಳ ಕಣ್ಣು ಗಂಡನ ಕಡೆಗೋ ಮಗನ ಕಡೆಗೋ ಹೋಗುತ್ತದೆ. ಆಗ ನಾನು ಪೆನ್ ಕೊಡದೆ, ಅವಳ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂರುತ್ತೇನೆ.

ಕಾಯಿಸುವ ಆ ವಾರ ಇರೋದೇ ಇದಕ್ಕೆ ಚಿಕ್ಕಮ್ಮ.