ಸಪ್ತಮಿ ವಿಭಕ್ತಿ ಮತ್ತು ಇಂಗ್ಲಿಷಿನ ‘ಇನ್’

ಕನ್ನಡದಲ್ಲಿ ಕಾಲ ಮತ್ತು ಸ್ಥಳಗಳ ಆಧಾರವನ್ನು ಸೂಚಿಸುವ ಹೊಣೆ ಸಪ್ತಮಿ ವಿಭಕ್ತಿಯದು, ಎಂದರೆ ನಾಮಪದದ ಕೊನೆಗೆ ಸೇರುವ ಪ್ರತ್ಯಯದ್ದು. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜನು ‘ಶಬ್ದಮಣಿದರ್ಪಣ’ ಎಂಬ ವ್ಯಾಕರಣವನ್ನು ರಚಿಸಿದಾಗ ಇದರ ರೂಪ ‘ಒಳ್’ ಆಗಿದ್ದು, ಹೊಸಗನ್ನಡದಲ್ಲಿ ‘ಅಲ್ಲಿ’ ಅದರ ಜಾಗವನ್ನು ಬಹುಮಟ್ಟಿಗೆ ಆಕ್ರಮಿಸಿತು. ಇಂಗ್ಲಿಷಿನಲ್ಲಿ ಇದೇ ಕೆಲಸವನ್ನು ನಾಮಪದಕ್ಕಿಂತ ಮೊದಲು ಪ್ರತ್ಯೇಕವಾಗಿ ನಿಲ್ಲುವ ಉಪಸರ್ಗಗಳು ಹಂಚಿಕೊಳ್ಳುತ್ತವೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಎರಡು ವ್ಯವಸ್ಥೆಗಳು ತುಮಕೂರು ಸೀಮೆಯಲ್ಲೇ ಮುಖಾಮುಖಿಯಾದವು. ಆ ಸೀಮೆಯ ಗುಬ್ಬಿಯಲ್ಲಿದ್ದ ವೆಸ್ಲಿಯನ್ ಮಿಷನ್ನಿನೊಡನೆ ನಿಕಟ ಸಂಬಂಧವಿದ್ದ ಥಾಮಸ್ ಹಾಡ್ಸನ್ 1859ರಲ್ಲಿ ಇಂಗ್ಲಿಷ್ ಓದುಗರಿಗಾಗಿ ಕನ್ನಡ ವ್ಯಾಕರಣವೊಂದನ್ನು ಪ್ರಕಟಿಸಿದನು. ಜರ್ಮನ್ ಮಿಷನರಿ ಫರ್ಡಿನೆಂಡ್ ಕಿಟ್ಟೆಲ್‌ನ ಕನ್ನಡ ವ್ಯಾಕರಣ ಬಂದದ್ದು ಅನಂತರ, 1903ರಲ್ಲಿ. ಪರದೇಶಿಯರು ಸಪ್ತಮಿಯನ್ನು ಕಲಿಯುತ್ತಿದ್ದ ಕಾಲದಲ್ಲೇ ಇಲ್ಲಿನ ಮಕ್ಕಳು ಶಾಲೆಗಳಲ್ಲಿ ‘ಇನ್’, ‘ಆನ್’, ‘ಆಟ್’ಗಳೊಡನೆ ಹೆಣಗುತ್ತಿದ್ದರು, ಮತ್ತು ಎರಡನೆಯವರ ಪಾಡೇ ಕಷ್ಟದ್ದೆನ್ನಬೇಕು. ಏಕೆಂದರೆ ಇಂಗ್ಲಿಷಿನ ರೂಢಿ ಆವರಣದ ಗಾತ್ರವನ್ನು ಅನುಸರಿಸುತ್ತದೆ: ವರ್ಷ, ತಿಂಗಳು, ತುಮಕೂರಿನಂಥ ನಗರಗಳಿಗೆ ‘ಇನ್’, ಸೋಮವಾರದಂಥ ದಿನಕ್ಕೆ ‘ಆನ್’, ಐದು ಗಂಟೆಗೆ ಅಥವಾ ಮರಳೂರಿನ ಬಸ್ ನಿಲ್ದಾಣದಂಥ ಗುರುತಿನ ಜಾಗಕ್ಕೆ ‘ಆಟ್’. ಕನ್ನಡವೂ ಎಲ್ಲವನ್ನೂ ಸಪ್ತಮಿಗೆ ಒಪ್ಪಿಸಿಲ್ಲ. ಗಡಿಯಾರದ ಹೊತ್ತಿಗೆ ಅದು ‘ಗೆ’ ಎಂಬ ಚತುರ್ಥಿಯನ್ನು ಬಳಸುತ್ತದೆ, ‘ಸೋಮವಾರ ಬಂದನು’ ಎಂಬಲ್ಲಿ ಪ್ರತ್ಯಯವನ್ನೇ ಬಿಟ್ಟುಬಿಡುತ್ತದೆ. ಇಂಗ್ಲಿಷಿನ ಹಂಚಿಕೆಯೂ ಮೊದಲಿನಿಂದ ಹೀಗೇ ಇರಲಿಲ್ಲ: ಹಳೆಯ ಇಂಗ್ಲಿಷಿನಲ್ಲಿ, ವಿಶೇಷವಾಗಿ ವೆಸ್ಟ್ ಸ್ಯಾಕ್ಸನ್ ಬರಹಗಳಲ್ಲಿ, ‘ಆನ್’ ಪದವೇ ‘ಇನ್’ನ ಕೆಲಸವನ್ನೂ ಮಾಡುತ್ತಿತ್ತು.