ಊರಿನ ಎಂಜಲೂ ಬೀದಿಯ ನಾಯಿಯೂ

ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತು, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಶಾಸನವನ್ನು ಕನ್ನಡನಾಡಿನ ಚರಿತ್ರೆಯಲ್ಲಿ ಆಸಕ್ತಿಯುಳ್ಳ ವಾಚಕರು ಬಲ್ಲರು. ಕ್ರಿ.ಶ. 949-50ರ ಈ ಕಲ್ಲು ರಾಷ್ಟ್ರಕೂಟರ ಮೂರನೆಯ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ತಕ್ಕೋಲದಲ್ಲಿ ನಡೆದ ಯುದ್ಧವನ್ನು ಹೇಳುತ್ತದೆ; ಜೊತೆಗೆ ಕಾಳಿ ಎಂಬ ಬೇಟೆನಾಯಿಯ ಮರಣವನ್ನೂ ಹೇಳುತ್ತದೆ. ಗಂಗರ ಬೂತುಗನು ತನ್ನ ವೀರನಾದ ಮಣಲೆರನ ಶೌರ್ಯಕ್ಕೆ ಮೆಚ್ಚಿದಾಗ ಮಣಲೆರನು ಬೇಡಿದ್ದು ಈ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದಕ್ಕಾಗಿ ಕಲ್ಲು ನೆಟ್ಟರು. ಪೂಜೆಗೆ ಭೂಮಿಯನ್ನೂ ಬಿಟ್ಟರು.

ಒಡೆಯನುಳ್ಳ ನಾಯಿಗೆ ಹೀಗೆ ಶಾಸನವೂ ದೊರೆಯುವುದುಂಟು. ಬೀದಿಯ ನಾಯಿಗೆ ಅಂತಹ ಭಾಗ್ಯವೆಲ್ಲಿಯದು? ಅದರ ಹೆಸರು ದಾಖಲೆಗೆ ಬಂದರೆ ಪೊಲೀಸು ಮ್ಯಾಜಿಸ್ಟ್ರೇಟರ ಆಜ್ಞೆಯಲ್ಲಿ ಬಂದೀತು, ಇಲ್ಲವೆ ಪುರಸಭೆಯ ಖರ್ಚಿನ ಲೆಕ್ಕದಲ್ಲಿ. ಆದರೆ ಅದಕ್ಕೂ ಒಂದು ಚರಿತ್ರೆಯಿದೆ. ಆ ಚರಿತ್ರೆಯನ್ನು ಓದಬೇಕಾದರೆ ನಾಯಿಯನ್ನು ನೋಡಿದರೆ ಸಾಲದು, ಊರು ತಾನು ಉಂಡು ಮಿಕ್ಕದ್ದನ್ನು ಎಲ್ಲಿ ಚೆಲ್ಲಿತು ಎಂಬುದನ್ನು ನೋಡಬೇಕು.

ನಾಯಿ ತೋಳದ ಕುಲದಿಂದ ಬಂದುದೆಂಬುದು ಎಲ್ಲರೂ ಒಪ್ಪಿದ ಮಾತು. ಮನುಷ್ಯರ ಜೊತೆಯಲ್ಲಿಯೇ ಹೂಳಲ್ಪಟ್ಟ ನಾಯಿಯ ಎಲುಬುಗಳು ಜರ್ಮನಿಯ ಬಾನ್ ನಗರದ ಬಳಿ ದೊರೆತಿದ್ದು, ಅವುಗಳಿಗೆ ಸುಮಾರು 14,000 ವರ್ಷಗಳಾಗಿವೆ. ಬೇಟೆಗಾರನು ತೋಳದ ಮರಿಯನ್ನು ಹಿಡಿದು ಸಾಕಿದನೆಂಬುದು ಹಳೆಯ ಊಹೆ. ಜನವಸತಿಯ ತಿಪ್ಪೆಗಳ ಬಳಿ ಅಂಜದೆ ಸುಳಿದಾಡಿ ಎಂಜಲು ತಿಂದ ತೋಳಗಳೇ ತಲೆಮಾರುಗಳಲ್ಲಿ ನಾಯಿಗಳಾದುವೆಂದು ರೇಮಂಡ್ ಕಾಪಿಂಜರ್ ಮುಂತಾದ ವಿದ್ವಾಂಸರು ವಾದಿಸಿದ್ದಾರೆ. ಈ ವಾದವು ಇನ್ನೂ ಮುಗಿದಿಲ್ಲ. ಆದರೆ 2013ರಲ್ಲಿ ಸ್ವೀಡನ್ನಿನ ಸಂಶೋಧಕರು ಪ್ರಕಟಿಸಿದ ಸಂಗತಿಯೊಂದು ಮನನೀಯವಾಗಿದೆ: ಪಿಷ್ಟವನ್ನು ಜೀರ್ಣಿಸುವ ರಸಕ್ಕೆ ಕಾರಣವಾದ ವಂಶವಾಹಿಯು ತೋಳದಲ್ಲಿ ಎರಡೇ ಪ್ರತಿಗಳಿದ್ದರೆ, ನಾಯಿಯಲ್ಲಿ ನಾಲ್ಕರಿಂದ ಮೂವತ್ತರವರೆಗೆ ಇರುತ್ತದೆ. ಮಾಂಸಾಹಾರಿಯ ಹಲ್ಲುಳ್ಳ ಈ ಪ್ರಾಣಿಯು ನಮ್ಮ ರಾಗಿಮುದ್ದೆ, ಜೋಳದ ರೊಟ್ಟಿ, ಅನ್ನದ ಗಂಜಿಗಳ ಮೇಲೆ ಬದುಕಬಲ್ಲದಾದರೆ, ಅದು ಬೇಸಾಯಗಾರನ ಮನೆಯ ಹಿತ್ತಲಲ್ಲಿ ಸಾವಿರಾರು ವರ್ಷ ಕಳೆದುದರ ಫಲ. ಆದರೂ ಪೂರ್ವದ ರುಚಿ ಮರೆತಿಲ್ಲ. ಕೊಲ್ಕತ್ತೆಯ ಸಮೀಪದ ವಿಜ್ಞಾನ ಸಂಸ್ಥೆಯೊಂದರಲ್ಲಿ ಬೀದಿನಾಯಿಗಳನ್ನು ಅಭ್ಯಸಿಸಿದ ಅನಿಂದಿತಾ ಭದ್ರ ಅವರ ತಂಡದವರು ಕಂಡಂತೆ, ಕಸದ ರಾಶಿಯಲ್ಲಿ ನಾಯಿ ಮೊದಲು ಬಾಯಿ ಹಾಕುವುದು ಮಾಂಸದ ವಾಸನೆ ಇರುವುದಕ್ಕೆ. ಅದು ನಿಜವಾಗಿ ಮಾಂಸವೋ, ಮಾಂಸದ ಸಾರು ತಾಗಿದ ರೊಟ್ಟಿಯೋ ಎಂಬ ವಿಚಾರ ಆಮೇಲಿನದು.

ಹಳ್ಳಿಯ ವ್ಯವಸ್ಥೆಯಲ್ಲಿ ಈ ಎಂಜಲು ಮಿತವಾಗಿದ್ದಿತು. ಮಿಕ್ಕ ಮುಸುರೆ ದನಕ್ಕೆ ಹೋಗುತ್ತಿತ್ತು. ಮನೆಯ ಮುಂದೆ ನಾಯಿಗೊಂದು ತುತ್ತು ಬೀಳುತ್ತಿತ್ತು. ಗೃಹಸ್ಥನು ಊಟಕ್ಕೆ ಮುನ್ನ ಕಾಗೆಗೂ ನಾಯಿಗೂ ನೆಲದ ಮೇಲೆ ಅನ್ನವಿಡಬೇಕೆಂದು ಧರ್ಮಶಾಸ್ತ್ರಗಳಲ್ಲಿಯೇ ವಿಧಿಯುಂಟು. ತುತ್ತು ಎಷ್ಟೋ ನಾಯಿಯೂ ಅಷ್ಟು. ಹೆಣ್ಣುನಾಯಿ ಒಂದು ಸೂಲಿಗೆ ಐದಾರು ಮರಿ ಹಾಕಿದರೂ ಬಹುಪಾಲು ಉಳಿಯುತ್ತಿರಲಿಲ್ಲ. ಮೇಲೆ ಹೇಳಿದ ತಂಡದವರು 2016ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಇಂದಿಗೂ ಬೀದಿಯಲ್ಲಿ ಹುಟ್ಟಿದ ಐದು ಮರಿಗಳಲ್ಲಿ ನಾಲ್ಕು, ಏಳು ತಿಂಗಳು ತುಂಬುವುದರೊಳಗೆ ಸಾಯುತ್ತವೆ. ಈ ಅಂಕಿಯನ್ನು ವಾಚಕರು ನೆನಪಿನಲ್ಲಿಡಬೇಕು. ಐದರಲ್ಲಿ ಒಂದರ ಬದಲು ಎರಡು ಉಳಿದರೆ ಸಾಕು, ಬೆಳೆದು ನಿಲ್ಲುವ ನಾಯಿಗಳ ಸಂಖ್ಯೆ ಇಮ್ಮಡಿಯಾಗುತ್ತದೆ. ಉಳಿಯುವುದಕ್ಕೆ ಬೇಕಾದುದು ಮುಖ್ಯವಾಗಿ ಅನ್ನ.

ನಗರದಲ್ಲಿ ಆ ಅನ್ನಕ್ಕೆ ಕೊರತೆಯಿಲ್ಲ. ಕಸಾಯಿಖಾನೆ, ಮೀನಿನ ಮಾರುಕಟ್ಟೆ, ಹೋಟೆಲಿನ ಹಿಂದಿನ ಓಣಿ, ಕಲ್ಯಾಣಮಂಟಪದ ಎಲೆಯ ರಾಶಿ, ಬೀದಿಯ ಮೂಲೆಯ ಕಸದ ತೊಟ್ಟಿ ಇವೆಲ್ಲ ನಾಯಿಯ ಪಾಲಿಗೆ ನಿತ್ಯದ ಅನ್ನಛತ್ರಗಳು. ಒಂದೊಂದು ಛತ್ರಕ್ಕೂ ಒಂದೊಂದು ಗುಂಪು, ಗುಂಪಿಗೆ ಗಡಿ, ಗಡಿ ದಾಟಿ ಬಂದ ಪರಕೀಯ ನಾಯಿಗೆ ಕಚ್ಚಾಟ. ಗುಂಪನ್ನು ಹಿಡಿದೊಯ್ದರೆ ಗಡಿ ಬರಿದಾಗುತ್ತದೆ, ಛತ್ರ ಮಾತ್ರ ನಡೆಯುತ್ತಲೇ ಇರುತ್ತದೆ. ಆದುದರಿಂದ ಪಕ್ಕದ ಬೀದಿಯ ನಾಯಿಗಳು ಬಂದು ಸೇರುತ್ತವೆ, ಹುಟ್ಟಿದ ಮರಿಗಳು ಹೆಚ್ಚಾಗಿ ಬದುಕುತ್ತವೆ. ಇಷ್ಟನ್ನು ತಿಳಿಯದೆ ನಾಯಿಗಳೊಡನೆ ಸೆಣಸಿದ ಸರ್ಕಾರಗಳ ಕಥೆ ದೊಡ್ಡದಿದೆ.

ತುರ್ಕರ ರಾಜಧಾನಿಯಾಗಿದ್ದ ಇಸ್ತಾಂಬುಲ್ ನಗರವು ನಾಯಿಗಳಿಗೆ ಹೆಸರಾಗಿತ್ತು. ಕೇರಿಕೇರಿಗೂ ಅದರದೇ ನಾಯಿಗಳ ಹಿಂಡು. ಮನೆಗಳವರು ಬಾಗಿಲ ಮುಂದೆ ಎಸೆದುದನ್ನು ತಿಂದು ಬೀದಿಯನ್ನು ಚೊಕ್ಕಟ ಮಾಡುವುದು ಅವುಗಳ ಕೆಲಸ. 1867ರಲ್ಲಿ ಅಲ್ಲಿಗೆ ಹೋದ ಅಮೆರಿಕದ ಲೇಖಕ ಮಾರ್ಕ್ ಟ್ವೇನ್, ಈ ಬಡಕಲು ನಾಯಿಗಳೇ ನಗರದ ಜಾಡಮಾಲಿಗಳೆಂದು ಬರೆದಿದ್ದಾನೆ. 1908ರ ಕ್ರಾಂತಿಯ ಬಳಿಕ ಅಧಿಕಾರಕ್ಕೆ ಬಂದವರಿಗೆ ಯುರೋಪಿನ ಮಾದರಿಯ ನಗರ ಬೇಕಾಗಿತ್ತು. ಅದರಲ್ಲಿ ಬೀದಿನಾಯಿಗೆ ಸ್ಥಳವಿರಲಿಲ್ಲ. 1910ರಲ್ಲಿ ಹತ್ತಾರು ಸಾವಿರ ನಾಯಿಗಳನ್ನು ಹಿಡಿದು ಮಾರ್ಮರಾ ಸಮುದ್ರದ ಸಿವ್ರಿಯಾದ ಎಂಬ ಬಂಡೆಗಲ್ಲಿನ ದ್ವೀಪದಲ್ಲಿ ಬಿಟ್ಟರು. ಅಲ್ಲಿ ನೀರಿಲ್ಲ, ಆಹಾರವಿಲ್ಲ. ಅವು ಒಂದನ್ನೊಂದು ತಿಂದು ಸತ್ತುವು. ಇಷ್ಟು ಕ್ರೌರ್ಯದಿಂದ ನಗರಕ್ಕೆ ಶಾಶ್ವತವಾದ ಪ್ರಯೋಜನವೇನೂ ಆಗಲಿಲ್ಲ; ಅದೇ ಶತಮಾನದಲ್ಲಿ ಇಸ್ತಾಂಬುಲಿನ ಬೀದಿಗಳಲ್ಲಿ ನಾಯಿಗಳು ಮತ್ತೆ ತುಂಬಿದುವು. 2024ರ ಜುಲೈಯಲ್ಲಿ ತುರ್ಕಿಯ ಸಂಸತ್ತು ಬೀದಿನಾಯಿಗಳನ್ನು ಆಶ್ರಯಗಳಿಗೆ ಸಾಗಿಸುವ ಕಾನೂನನ್ನು ಮತ್ತೊಮ್ಮೆ ಮಾಡಬೇಕಾಯಿತು.

ನಮ್ಮ ದೇಶದಲ್ಲಿ ಈ ವಿಷಯದ ಮೊದಲ ದೊಡ್ಡ ಗಲಭೆ ಮುಂಬಯಿಯದು. ಬೇಸಗೆಯ ದಿನಗಳಲ್ಲಿ ಬೀಡಾಡಿ ನಾಯಿಗಳನ್ನು ಕೊಲ್ಲಲು ಕಂಪನಿ ಸರ್ಕಾರದ ನಿಯಮವಿತ್ತು. 1832ರಲ್ಲಿ ಆ ಅವಧಿಯನ್ನು ಜೂನ್ ತಿಂಗಳ ನಡುವಿನವರೆಗೆ ಬೆಳೆಸಿ, ಕೊಂದ ನಾಯಿಯೊಂದಕ್ಕೆ ಎಂಟಾಣೆಯ ಇನಾಮು ಗೊತ್ತುಮಾಡಿದರು. ಎಂಟಾಣೆ ಅಂದಿಗೆ ಸಣ್ಣ ಹಣವಲ್ಲ. ನಾಯಿ ಹಿಡಿಯುವವರು ಬೀದಿಯ ನಾಯಿಯೆಂದೂ ಮನೆಯ ನಾಯಿಯೆಂದೂ ನೋಡದೆ ಅಂಗಳಕ್ಕೆ ನುಗ್ಗತೊಡಗಿದರು. ಪಾರ್ಸಿ ಜನರಿಗೆ ನಾಯಿ ಪವಿತ್ರವಾದುದು. ಶವಸಂಸ್ಕಾರಕ್ಕೆ ಮುನ್ನ ಶವದ ಮೇಲೆ ನಾಯಿಯ ದೃಷ್ಟಿ ಬೀಳಬೇಕು. ನಾಯಿಗೆ ಅನ್ನವಿಕ್ಕುವುದು ಅವರಿಗೆ ಧರ್ಮಕಾರ್ಯ. ಜೂನ್ 6ರಂದು ನಾಯಿ ಹಿಡಿಯುವವರ ಜೊತೆಗಿದ್ದ ಪೊಲೀಸರ ಮೇಲೆ ಜನ ಬಿದ್ದರು. ಮರುದಿನ ಅಂಗಡಿಗಳು ಮುಚ್ಚಿದುವು. ಜೈನರೂ ಹಿಂದುಗಳೂ ಪಾರ್ಸಿಗಳ ಜೊತೆಗೂಡಿದರು. ಕೊಲಾಬದ ಸೈನ್ಯದ ತುಕಡಿಗೆ ಹೋಗಬೇಕಾದ ರೊಟ್ಟಿಯೂ ನೀರೂ ನಿಂತುವು. ನಾಯಿಯ ಅನ್ನವನ್ನು ಕುರಿತು ಬರೆಯುವವನಿಗೆ ಸಿಪಾಯಿಯ ಅನ್ನ ತಪ್ಪಿದ ಈ ಪ್ರಸಂಗ ಸ್ವಲ್ಪ ನಗೆಯನ್ನು ತರಿಸುವುದು ಸಹಜ. ಸೈನ್ಯ ಬಂದು ಗಲಭೆ ಅಡಗಿತು. ಪಾರ್ಸಿ ಮುಖಂಡರ ಮಧ್ಯಸ್ಥಿಕೆಯಿಂದ, ನಾಯಿಗಳನ್ನು ಕೊಲ್ಲುವುದರ ಬದಲು ಊರ ಹೊರಗೆ ಸಾಗಿಸುವ ಏರ್ಪಾಡಾಯಿತು. 1834ರಲ್ಲಿ ಜಮ್ಸೆಟ್‌ಜಿ ಜೀಜೀಭಾಯ್ ಮತ್ತು ಅಮೀಚಂದ್ ಶಾ ಇವರು ಸ್ಥಾಪಿಸಿದ ಮುಂಬಯಿಯ ಪಾಂಜರಪೋಳವು ಆ ಕಾಲದ ಇದೇ ಚಿಂತೆಯಿಂದ ಹುಟ್ಟಿತು.

ಗಲಭೆಯಲ್ಲಿ ಒಂದು ಪಕ್ಷಕ್ಕೆ ನಾಯಿಯ ಪ್ರಾಣ ಕಂಡಿತು, ಇನ್ನೊಂದು ಪಕ್ಷಕ್ಕೆ ಹುಚ್ಚುನಾಯಿಯ ಭಯ ಕಂಡಿತು. ಎರಡೂ ಸುಳ್ಳಲ್ಲ. ಆದರೆ ಬೆಳೆಯುತ್ತಿದ್ದ ಬಂದರಿನ ಬೀದಿಗಳಲ್ಲಿ ದಿನದಿನವೂ ಬೀಳುತ್ತಿದ್ದ ಕಸವು ಇಬ್ಬರ ಜಗಳದಲ್ಲಿಯೂ ವಿಷಯವಾಗಲಿಲ್ಲವೆಂಬುದು ನನ್ನ ಅಭಿಪ್ರಾಯ.

ಮದರಾಸಿನ ಉದಾಹರಣೆ ಇದಕ್ಕಿಂತ ಸ್ಪಷ್ಟವಾದುದು, ಏಕೆಂದರೆ ಅಲ್ಲಿ ಗಲಭೆಯಿಲ್ಲದೆ ಕೆಲಸ ಬಹುಕಾಲ ನಡೆಯಿತು. 1860ರಲ್ಲಿ ಅಲ್ಲಿಯ ನಗರಸಭೆ ನಾಯಿಗಳನ್ನು ಹಿಡಿದು ಕೊಲ್ಲುವ ಕ್ರಮವನ್ನು ಆರಂಭಿಸಿತು. ಮೊದಮೊದಲು ದಿನಕ್ಕೆ ಒಂದಕ್ಕಿಂತ ಕಡಿಮೆ. 1990ರ ದಶಕದ ನಡುವಿಗೆ ದಿನಕ್ಕೆ ಸುಮಾರು 135. ಒಂದು ಶತಮಾನಕ್ಕಿಂತ ಹೆಚ್ಚು ಕಾಲ ಕೊಂದಷ್ಟೂ ಕೊಲ್ಲಬೇಕಾದ ನಾಯಿಗಳು ಹೆಚ್ಚುತ್ತಲೇ ಹೋದುವೆಂದರೆ, ಲೆಕ್ಕದಲ್ಲಿ ಎಲ್ಲಿಯೋ ದೋಷವಿದೆಯೆಂದು ನಾಲ್ಕನೆಯ ತರಗತಿಯ ಹುಡುಗನೂ ಹೇಳಿಯಾನು. 1964ರಿಂದ ಅಲ್ಲಿಯ ಬ್ಲೂ ಕ್ರಾಸ್ ಸಂಸ್ಥೆ, ಕೊಲ್ಲುವುದನ್ನು ಬಿಟ್ಟು ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚು ನಿರೋಧಕ ಲಸಿಕೆ ಹಾಕಿ, ಹಿಡಿದ ಸ್ಥಳದಲ್ಲಿಯೇ ಬಿಡಿರೆಂದು ಹೇಳುತ್ತ ಬಂದಿತು. ನಗರಸಭೆ ಅದನ್ನು ಒಪ್ಪಿದ್ದು 1996ರಲ್ಲಿ. ಈ ಕ್ರಮವೇ 2001ರಲ್ಲಿ ಕೇಂದ್ರ ಸರ್ಕಾರದ ನಿಯಮವಾಯಿತು.

ಇಷ್ಟರಲ್ಲಿಯೇ ಯಾರೂ ಎಣಿಸದಿದ್ದ ಕಡೆಯಿಂದ ನಾಯಿಗಳಿಗೆ ಹೊಸ ಔತಣ ಬಂದಿತ್ತು. ನಮ್ಮಲ್ಲಿ ದನ ಸತ್ತರೆ ಚರ್ಮ ಸುಲಿದು ಊರಾಚೆಯ ಬಯಲಿಗೆ ಎಳೆದುಹಾಕುವುದು ವಾಡಿಕೆ. ರಣಹದ್ದುಗಳ ಹಿಂಡು ಇಳಿದು, ಗಂಟೆಯೊಳಗೆ ಎಲುಬನ್ನು ಮಾತ್ರ ಉಳಿಸುತ್ತಿತ್ತು. 1990ರ ದಶಕದಲ್ಲಿ ಈ ಹದ್ದುಗಳು ಸಾಯತೊಡಗಿದುವು. 1992ರಿಂದ 2007ರೊಳಗೆ ಬಿಳಿಬೆನ್ನಿನ ರಣಹದ್ದು ಸಾವಿರಕ್ಕೆ ಒಂದರಂತೆ ಮಾತ್ರ ಉಳಿಯಿತು. ದನಗಳ ನೋವಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ಔಷಧವು ಹೆಣದ ಮಾಂಸದಲ್ಲಿ ಉಳಿದು, ತಿಂದ ಹದ್ದಿನ ಮೂತ್ರಪಿಂಡವನ್ನು ಕೆಡಿಸುತ್ತಿತ್ತೆಂದು 2004ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿಯಿತು. 2006ರಲ್ಲಿ ಭಾರತ ಸರ್ಕಾರ ಪಶುಗಳಿಗೆ ಅದನ್ನು ಕೊಡದಂತೆ ನಿಷೇಧಿಸಿತು. ಅಷ್ಟರಲ್ಲಿ ಹದ್ದಿನ ಎಡೆಗೆ ನಾಯಿ ಬಂದು ಕುಳಿತಾಗಿತ್ತು. 1992ರಿಂದ 2003ರವರೆಗೆ ದೇಶದಲ್ಲಿ ಹೀಗೆ ಹೆಚ್ಚಿದ ನಾಯಿಗಳು ಸುಮಾರು 55 ಲಕ್ಷವೆಂದೂ, ಅದರಿಂದ ಹುಚ್ಚುನಾಯಿಯ ಕಡಿತಕ್ಕೆ ಸತ್ತವರು ಸುಮಾರು 47,000 ಮಂದಿಯೆಂದೂ 2008ರ ಒಂದು ಅಂದಾಜು ಹೇಳುತ್ತದೆ. ಅಂದಾಜು ಅಂದಾಜೇ, ಹೆಚ್ಚುಕಡಿಮೆ ಇರಬಹುದು. ಆದರೆ ರಾಜಸ್ಥಾನದ ಬಿಕಾನೇರಿನ ಬಳಿಯ ಜೋಡ್‌ಬೀಡಿನಂತಹ ಹೆಣ ಹಾಕುವ ಬಯಲುಗಳಲ್ಲಿ ನಾಯಿಗಳ ಹಿಂಡುಗಳು ಅಲೆದಾಡುವುದಂತೂ ಕಣ್ಣಾರೆ ಕಾಣುವ ಸಂಗತಿ. ಹದ್ದು ಕಚ್ಚುವುದಿಲ್ಲ, ಬೀದಿಗೆ ಬರುವುದಿಲ್ಲ. ನಾಯಿ ಎರಡನ್ನೂ ಮಾಡುತ್ತದೆ.

ಕಚ್ಚಿದ ಮೇಲಿನ ಚಿಕಿತ್ಸೆಗೆ ನಮ್ಮ ದಕ್ಷಿಣ ದೇಶದವರೆಲ್ಲ ಬಹುಕಾಲ ನೀಲಗಿರಿಯ ಕಡೆ ನೋಡಬೇಕಾಗಿತ್ತು. ಪ್ಯಾಸ್ಟರ್ ಮಹಾಶಯನು 1885ರಲ್ಲಿ ಕಂಡುಹಿಡಿದ ಚಿಕಿತ್ಸೆಯ ಶಾಲೆ 1900ರಲ್ಲಿ ಹಿಮಾಲಯದ ಕಸೌಲಿಯಲ್ಲಿಯೂ, 1907ರಲ್ಲಿ ಕೂನೂರಿನಲ್ಲಿಯೂ ತೆರೆಯಿತು. ಬಡಗರ ಹಟ್ಟಿಗಳ ನಡುವಿನ ಆ ಬೆಟ್ಟದ ಊರಿಗೆ, ಕಚ್ಚಿಸಿಕೊಂಡವರು ದೂರದೂರದಿಂದ ಹೋಗುತ್ತಿದ್ದರು. ಕುರಿಯ ಮೆದುಳಿನಿಂದ ತಯಾರಿಸಿದ ಲಸಿಕೆಯನ್ನು ಹೊಟ್ಟೆಯ ಮೇಲೆ ದಿನವೂ ಚುಚ್ಚುತ್ತಿದ್ದುದು ಹಳಬರ ನೆನಪಿನಲ್ಲಿದೆ. ಆ ಲಸಿಕೆಯ ತಯಾರಿಕೆ ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಂತಿತು; ಈಗಿನದು ತೋಳಿಗೆ ಹಾಕುವ ಕೆಲವೇ ಚುಚ್ಚುಮದ್ದುಗಳು. ಕಚ್ಚಿದ ಕೂಡಲೆ ಗಾಯವನ್ನು ಸಾಬೂನಿನಿಂದ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಬೇಕು. ರೋಗ ಹೊರಬಿದ್ದ ಬಳಿಕ ಬದುಕುವುದು ಇಲ್ಲವೆಂದೇ ಹೇಳಬೇಕು. ಶಂಕಿತ ನಾಯಿಯಿಂದ ಕಚ್ಚಿಸಿಕೊಳ್ಳುವವರಲ್ಲಿ ನೂರಕ್ಕೆ ನಲವತ್ತು ಮಂದಿ ಹದಿನೈದು ವರ್ಷದೊಳಗಿನ ಮಕ್ಕಳೆಂದು ವಿಶ್ವ ಆರೋಗ್ಯ ಸಂಸ್ಥೆಯವರು ಹೇಳುತ್ತಾರೆ. ಕೈಯಲ್ಲಿ ಬಿಸ್ಕತ್ತು ಹಿಡಿದು ಓಡುವ ಮಗುವಿನ ಮುಖವು ನಾಯಿಯ ಬಾಯಿಯ ಎತ್ತರಕ್ಕೇ ಇರುವುದೆಂಬುದನ್ನು ಶಾಲೆಯ ಮಕ್ಕಳೊಡನೆ ದಿನ ಕಳೆಯುವವರು ಮರೆಯಲಾರರು.

2025ರಲ್ಲಿ ಈ ವಿವಾದ ದೇಶದ ಅತ್ಯುಚ್ಚ ನ್ಯಾಯಾಲಯದ ಮುಂದೆ ಬಂದಿತು. ಆಗಸ್ಟ್ 11ರಂದು, ದೆಹಲಿಯ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಗಳಲ್ಲಿಡಬೇಕೆಂದೂ ಮತ್ತೆ ಬಿಡಬಾರದೆಂದೂ ಒಂದು ಆಜ್ಞೆ. ಆಗಸ್ಟ್ 22ರಂದು ಮೂವರು ನ್ಯಾಯಾಧೀಶರ ಪೀಠದಿಂದ ಅದರ ತಿದ್ದುಪಡಿ. ಹುಚ್ಚು ಹಿಡಿದ ಹಾಗೂ ಮೇಲೆ ಬೀಳುವ ನಾಯಿಗಳನ್ನುಳಿದು, ಮಿಕ್ಕವನ್ನು ಶಸ್ತ್ರಚಿಕಿತ್ಸೆ, ಲಸಿಕೆಗಳಾದ ಬಳಿಕ ಹಿಡಿದ ಸ್ಥಳದಲ್ಲಿಯೇ ಬಿಡಬೇಕು. ಬೀದಿಯಲ್ಲಿ ಕಂಡಕಂಡಲ್ಲಿ ಅನ್ನ ಹಾಕಕೂಡದು, ವಾರ್ಡುವಾರ್ಡಿಗೆ ಗೊತ್ತಾದ ಸ್ಥಳಗಳನ್ನು ನಗರಸಭೆ ಏರ್ಪಡಿಸಬೇಕು ಎಂದಾಯಿತು. 2023ರ ಕೇಂದ್ರ ನಿಯಮಗಳಲ್ಲಿಯೂ ಅನ್ನ ಹಾಕುವ ಸ್ಥಳವು ಮಕ್ಕಳು ಆಡುವ ಜಾಗದಿಂದಲೂ ಮನೆಗಳ ಬಾಗಿಲು ಮೆಟ್ಟಿಲುಗಳಿಂದಲೂ ದೂರವಿರಬೇಕೆಂದು ಹೇಳಿದೆ.

ಬೀದಿನಾಯಿಯ ಚರಿತ್ರೆಯಲ್ಲಿ ಅದರ ಊಟದ ಸ್ಥಳವನ್ನು ಕುರಿತು ಅತ್ಯುಚ್ಚ ನ್ಯಾಯಾಲಯವೇ ವಿಚಾರ ಮಾಡಿದುದು ಸಣ್ಣ ಸಂಗತಿಯಲ್ಲ. ಆದರೆ ಅಲ್ಲಿ ಪ್ರಸ್ತಾಪವಾದುದು ಕರುಣೆಯುಳ್ಳವರು ಕೈಯಾರೆ ಹಾಕುವ ಅನ್ನ. ಕೋಳಿಯಂಗಡಿಯವನು ರಾತ್ರಿ ಕೆರೆಯ ಏರಿಯ ಮೇಲೆ ಸುರಿದು ಹೋಗುವ ಚೀಲವೂ, ಮದುವೆಯ ಮರುದಿನ ಮಂಟಪದ ಹಿಂದೆ ಬಿದ್ದಿರುವ ಎಲೆಗಳೂ ನಗರಸಭೆಯ ಕಸದ ಇಲಾಖೆಗೆ ಸೇರಿದುವು. ಆ ಕುರಿತು 2016ರಲ್ಲಿಯೇ ಬೇರೆ ನಿಯಮಗಳಾಗಿವೆ: ಹಸಿಕಸವನ್ನು ಬೇರ್ಪಡಿಸಿ ಮನೆಮನೆಯಿಂದಲೇ ಒಯ್ಯಬೇಕು, ಬೀದಿಯಲ್ಲಿ ಎಸೆಯಕೂಡದು. ನಾಯಿ ಹಿಡಿಯುವ ಗಾಡಿ ಒಂದು ವಾರ ಬಾರದಿದ್ದರೆ ಪತ್ರಿಕೆಗೆ ಪತ್ರ ಬರೆಯುವ ನಾವು, ಕಸದ ಗಾಡಿ ಬಾರದ ದಿನ ತೊಟ್ಟಿಯನ್ನು ಬೀದಿಯ ಮೂಲೆಯಲ್ಲಿ ಬರಿದುಮಾಡಿ ಬರುತ್ತೇವೆ.