ಗ್ಯಾರೇಜಿನ ಪವರ್ ಪ್ಲಗ್ಗಿನ ಪೂರ್ವಕಥೆ

ಗ್ರಿಲ್ ಕೆಲಸಕ್ಕೆ ಬಂದ ವೆಲ್ಡರ್ ಗೇಟು ದಾಟಿದೊಡನೆ ಕೇಳುವ ಮೊದಲ ಪ್ರಶ್ನೆ: "ಪವರ್ ಪ್ಲಗ್ ಎಲ್ಲಿದೆ, ಸಾರ್?" ಪದ ವಿಚಿತ್ರ. ಫ್ಯಾನಿಗೆ, ಮೊಬೈಲಿಗೆ ಹೋಗುವುದೂ ಪವರ್ರೇ. ದೊಡ್ಡ ತೂತಿನ ಸಾಕೆಟ್ಟಿಗೆ ಮಾತ್ರ ಆ ಹೆಸರೇಕೆ?

ಉತ್ತರ ಇರುವುದು ಬ್ರಿಟನ್ನಿನ ಹಳೆಯ ಕರೆಂಟ್ ಬಿಲ್ಲಿನಲ್ಲಿ. ಎರಡು ಮಹಾಯುದ್ಧಗಳ ನಡುವೆ ಅಲ್ಲಿನ ಹಲವು ವಿದ್ಯುತ್ ಕಂಪನಿಗಳು ದೀಪಕ್ಕೊಂದು ದರ, ಹೀಟರು ಒಲೆಗಳಿಗೆ ಇನ್ನೊಂದು ದರ ಹಾಕುತ್ತಿದ್ದವು. ದರ ಬೇರೆಯಾದ ಮೇಲೆ ಮೀಟರೂ ಬೇರೆ, ತಂತಿಯೂ ಬೇರೆ. 1934ರಲ್ಲಿ ಬಂದ ಬಿ.ಎಸ್. 546 ಮಾನಕ 2, 5, 15, 30 ಆಂಪಿಯರ್‌ಗಳ ಗುಂಡು ಪಿನ್ನಿನ ಪ್ಲಗ್ಗುಗಳನ್ನು ಗೊತ್ತುಮಾಡಿತು. ಒಂದರದು ಇನ್ನೊಂದಕ್ಕೆ ಕೂರದು. ಸಣ್ಣದು ಲೈಟಿಂಗ್, ದೊಡ್ಡದು ಪವರ್. ಕರ್ನಾಟಕದ ಹಳೆಯ ಬಿಲ್ಲುಗಳಲ್ಲಿ ಕಾಣುತ್ತಿದ್ದ 'ಎ.ಇ.ಎಚ್.', ಅಂದರೆ ಆಲ್ ಎಲೆಕ್ಟ್ರಿಕ್ ಹೋಮ್, ಈ ವಿಂಗಡಣೆಯ ದೂರದ ನೆಂಟ.

ಯುದ್ಧ ಮುಗಿದಾಗ ಬ್ರಿಟನ್ನಿನಲ್ಲಿ ತಾಮ್ರಕ್ಕೆ ಬರ, ಮನೆ ಕಟ್ಟುವ ಅವಸರ. ಅವರು ರಿಂಗ್ ಸರ್ಕ್ಯೂಟಿಗೂ ಪ್ಲಗ್ಗಿನೊಳಗೇ ಫ್ಯೂಸಿರುವ 13 ಆಂಪಿಯರಿನ ಚಪ್ಪಟೆ ಪಿನ್ನಿಗೂ ಹೋದರು. ಆ ಮಾನಕ, ಬಿ.ಎಸ್. 1363, ಬಂದದ್ದು 1947ರಲ್ಲಿ. ಅವರು ಬಿಟ್ಟ ಗುಂಡು ಪಿನ್ನನ್ನು ನಾವು ಇಟ್ಟುಕೊಂಡೆವು. ನಮ್ಮ ಐ.ಎಸ್. 1293ರಲ್ಲಿ ಅದು 6 ಮತ್ತು 16 ಆಂಪಿಯರ್. ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಇನ್ನೂ 5 ಮತ್ತು 15. ಬಾಯಿ ಮಾನಕಕ್ಕಿಂತ ನಿಧಾನ.

ಆ ಕಾಲದಲ್ಲಿ ವೆಲ್ಡಿಂಗಿಗೂ ಈ ಸಾಕೆಟ್ಟಿಗೂ ಸಂಬಂಧವೇ ಇರಲಿಲ್ಲ. ವೆಲ್ಡಿಂಗ್ ಟ್ರಾನ್ಸ್‌ಫಾರ್ಮರ್ ಅಂದರೆ ಚಕ್ರದ ಮೇಲಿನ ಕಬ್ಬಿಣದ ಪೆಟ್ಟಿಗೆ, ತಳ್ಳಲು ಇಬ್ಬರು ಬೇಕು. 50 ಹರ್ಟ್ಜ್‌ನಲ್ಲಿ ನೂರು ಆಂಪಿಯರ್ ಕೊಡಲು ಅಷ್ಟು ದಪ್ಪ ಕೋರ್ ಬೇಕೇ ಬೇಕು. ಅನೇಕವು ಎರಡು ಫೇಸ್‌ಗಳ ನಡುವೆ ಓಡುವಂಥವು, ಮನೆಯ ಪ್ಲಗ್ಗಿಗೆ ಹೊಂದುತ್ತಲೇ ಇರಲಿಲ್ಲ. ಗೇಟು ಶೆಡ್ಡಿನಲ್ಲಿ ತಯಾರಾಗಿ ಗಾಡಿಯಲ್ಲಿ ಬರುತ್ತಿತ್ತು.

ಅದನ್ನು ತಲೆಕೆಳಗು ಮಾಡಿದ್ದು ಐ.ಜಿ.ಬಿ.ಟಿ. ಎಂಬ ಸಿಲಿಕಾನ್ ಸ್ವಿಚ್ಚು. 1980ರ ಸುಮಾರಿಗೆ ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಅದನ್ನು ರೂಪಿಸಿದ ಬಿ. ಜಯಂತ್ ಬಾಳಿಗ ಬೆಳೆದದ್ದು ಬೆಂಗಳೂರಿನ ಜಾಲಹಳ್ಳಿಯಲ್ಲಿ. ಈ ಸ್ವಿಚ್ಚು ಕರೆಂಟನ್ನು ಸೆಕೆಂಡಿಗೆ ಹತ್ತಾರು ಸಾವಿರ ಸಲ ಕತ್ತರಿಸಬಲ್ಲದು. ಆವೃತ್ತಿ ಏರಿದಷ್ಟೂ ಕೋರ್ ಸಣ್ಣದಾಗುತ್ತದೆ. ಯಂತ್ರ ಹೆಗಲ ಚೀಲಕ್ಕಿಳಿಯಿತು, ಮನೆಬಾಗಿಲಿಗೆ ಬಂತು.

ಗೋಡೆ ಮಾತ್ರ 1934ರದ್ದೇ. ಲೆಕ್ಕ ಹಾಕಿ ನೋಡಿ: 100 ಆಂಪಿಯರಿನ ಆರ್ಕಿಗೆ ಸುಮಾರು 24 ವೋಲ್ಟ್, ಅಂದರೆ 2,400 ವ್ಯಾಟ್. ಯಂತ್ರದೊಳಗಿನ ನಷ್ಟ ಸೇರಿಸಿದರೆ 3,000. 230 ವೋಲ್ಟಿನಲ್ಲಿ ಅದು 13 ಆಂಪಿಯರ್, ಆದರೆ ಪವರ್ ಫ್ಯಾಕ್ಟರ್ 0.7ರಷ್ಟೇ ಇರುವ ಅಗ್ಗದ ಯಂತ್ರದಲ್ಲಿ 18 ದಾಟುತ್ತದೆ. 2.5 ಮಿ.ಮೀ. ರಾಡನ್ನು 16 ಆಂಪಿಯರಿನ ಸಾಕೆಟ್ ಹೇಗೋ ತಾಳಿಕೊಳ್ಳುತ್ತದೆ, 3.15ರದ್ದು ಹಾಕಿದರೆ ಸಾಕೆಟ್ ಬಿಸಿಯಾಗುತ್ತದೆ. ಕತ್ತರಿಸುವ ನಾಲ್ಕಿಂಚಿನ ಗ್ರೈಂಡರಿಗೆ ಈ ಗೊಡವೆಯಿಲ್ಲ, ಸಣ್ಣ ಪ್ಲಗ್ಗೇ ಸಾಕು.

ನನಗೆ ಹೆಚ್ಚು ಕಸಿವಿಸಿ ತರುವುದು ಬೇರೆಯೇ ದೃಶ್ಯ: ಪ್ಲಗ್ಗಿಲ್ಲದ ಎರಡು ಬೋಳು ತಂತಿ, ತೂತಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸಿದ್ದು. ಗುಂಡು ಪಿನ್ನಿನ ವಿನ್ಯಾಸಕಾರರು ಅರ್ಥ್ ಪಿನ್ನನ್ನು ಉಳಿದೆರಡಕ್ಕಿಂತ ಉದ್ದ ಮಾಡಿದ್ದು ಅದು ಮೊದಲು ತಾಗಲಿ, ಕೊನೆಗೆ ಬಿಡಲಿ ಎಂದು. ಬೆಂಕಿಕಡ್ಡಿಯವರು ಆ ಪಿನ್ನನ್ನೇ ಬಿಟ್ಟಿರುತ್ತಾರೆ. ಕೈಯಲ್ಲಿ ಕಬ್ಬಿಣ, ಕಾಲಡಿ ಒದ್ದೆ ಸಿಮೆಂಟು.

ಗ್ಯಾರೇಜಿಗೆ ಹೊಸದಾಗಿ ಲೈನ್ ಎಳೆಸುವುದಾದರೆ ಬೋರ್ಡಿನಿಂದ ನೇರವಾಗಿ 4 ಚದರ ಮಿ.ಮೀ. ತಾಮ್ರದ ತಂತಿ, ಅದಕ್ಕೇ ಮೀಸಲಾದ ಎಂ.ಸಿ.ಬಿ., ಜೊತೆಗೆ ಹಸಿರು ಅರ್ಥ್ ತಂತಿ ಹಾಕಿಸಿ. ದಪ್ಪ ರಾಡಿನ ಕೆಲಸ ಆಗಾಗ ಇದ್ದರೆ 6 ಚದರ ಮಿ.ಮೀ. ತಂತಿ, ಕಾರ್ಖಾನೆಗಳಲ್ಲಿರುವಂಥ 32 ಆಂಪಿಯರಿನ ನೀಲಿ ಸಾಕೆಟ್. ವೆಲ್ಡರ್ ಅದನ್ನೂ ಪವರ್ ಪ್ಲಗ್ ಎಂದೇ ಕರೆಯುತ್ತಾನೆ.